ಕೆಳಗಿನ ಪಟ್ಟಿ

ಮೊದಲ ದಿನ ಬ್ವಾಚಿ ಯಜಮಾನರು ಹೇಳಿದ್ದು ಇಷ್ಟೇ:
ಎಡದಿಂದ ಬಲಕ್ಕೆ ಓಡುತ್ತದೆ,
ಮೇಲಿನ ಪಟ್ಟಿ ಚಿತ್ರ, ಕೆಳಗಿನದು ದನಿ,
ಈ ಕೆಂಪು ಗೆರೆ ನೀನು ನಿಂತ ಜಾಗ.
ಹತ್ತು ನಿಮಿಷಕ್ಕೊಮ್ಮೆ ಸೇವ್ ಮಾಡು,
ಕುಮಾಸಿಯಲ್ಲಿ ಕರೆಂಟು ಹೇಳಿ ಹೋಗುವುದಿಲ್ಲ.

ನಮ್ಮ ಅಂಗಡಿಗೆ ಮದುವೆಗಿಂತ ಸಾವೇ ಜಾಸ್ತಿ.
ಶನಿವಾರ ಕಪ್ಪು ಕೆಂಪು ಬಟ್ಟೆ, ಭಾನುವಾರ ಬಿಳಿ,
ಸೋಮವಾರ ನನ್ನ ಮೇಜಿಗೆ ಒಂಬತ್ತು ಗಂಟೆಯ ಶೂಟಿಂಗು.
ಒಂದೂವರೆಗೆ ಇಳಿಸಬೇಕು.
ಅಳು ಕತ್ತರಿಸಬಹುದು, ಕುಣಿತ ಕತ್ತರಿಸಬಹುದು,
ಪಾದ್ರಿಯ ಮಾತನ್ನಂತೂ ಕತ್ತರಿಸಲೇಬೇಕು;
ಆದರೆ ಮೈಕಿನಲ್ಲಿ ಕೂಗಿದ ಮುಯ್ಯಿ,
‘ಇಂಥವರಿಂದ ಇನ್ನೂರು ಸೆಡಿ’ ಅನ್ನುವುದಿದೆಯಲ್ಲ,
ಅದರ ಒಂದಕ್ಷರ ಮುಟ್ಟಿದೆಯೋ
ಇಡೀ ಬಳಗ ಅಂಗಡಿ ಬಾಗಿಲಿಗೆ.

ಬ್ಲೇಡು ಹಿಡಿಯುವುದು ಕಲಿತೆ.
ತುಂಡು ತೆಗೆಯಲು ಎರಡು ದಾರಿ:
ಒಂದರಲ್ಲಿ ಆ ಜಾಗ ಬಾಯಿ ತೆರೆದೇ ಇರುತ್ತದೆ, ಕತ್ತಲು.
ಇನ್ನೊಂದರಲ್ಲಿ ಮುಂದಿನದೆಲ್ಲ ಸರಿದು ಬಂದು ಅಂಟುತ್ತದೆ,
ಟ್ರೋಟ್ರೋದಲ್ಲಿ ಒಬ್ಬ ಇಳಿದರೆ
ಉಳಿದವರು ಜರುಗಿ ಕೂತ ಹಾಗೆ.
ಮೊದಲ ವಾರ ಏನನ್ನೋ ಎಳೆದು
ಮಣ್ಣು ಮಾಡುವ ಮೊದಲೇ ಊಟ ಬಡಿಸಿಬಿಟ್ಟಿದ್ದೆ.
ಯಜಮಾನರು ನಗಲಿಲ್ಲ. ಕಂಟ್ರೋಲ್ ಝಡ್ ತೋರಿಸಿದರು.

ಅಡೋಮಾ ಬಂದಳು, ಸತ್ತವರ ಹಿರಿಮಗಳು.
ಪಕ್ಕದಲ್ಲೇ ಕೂತು ಪರದೆಗೆ ಬೆರಳಿಟ್ಟಳು:
‘ಇವನನ್ನು ತೆಗೆ.
ಆಸ್ಪತ್ರೆಗೆ ಒಂದು ದಿನ ಬರದವನು
ಪೆಟ್ಟಿಗೆ ಹಿಡಿದುಕೊಂಡು ನಿಂತಿದ್ದಾನೆ.’

ತೆಗೆದೆ. ಹನ್ನೊಂದು ಕಡೆ.
ಹನ್ನೊಂದು ಸಲ ಅಕ್ಕತಂಗಿಯರು ಜರುಗಿ ಕೂತರು,
ನಡುವೆ ಒಂದು ಕೂದಲಷ್ಟೂ ಸಂದಿಲ್ಲ.
ಹೆಮ್ಮೆಯಿಂದ ಓಡಿಸಿ ತೋರಿಸಿದೆ.

ಹೂವಿನ ಚಕ್ರ, ಮೇಣದ ಬತ್ತಿ, ಗೋಡೆಯ ಮೇಲೆ ತಾಯಿಯ ಫೋಟೋ,
ಆ ಫೋಟೋದ ಅಡಿಯಲ್ಲಿ
ಒಬ್ಬ ಗಂಡಸು ಬಿಕ್ಕುತ್ತಿದ್ದ.

ಕೆಳಗಿನ ಪಟ್ಟಿಗೆ ಬೀಗ ಹಾಕಿದ್ದು ಮರೆತಿದ್ದೆ.
ಮುಖ ಹೋಗಿತ್ತು, ಮಿಕ್ಕದ್ದು ಹೋಗಿರಲಿಲ್ಲ.

ಹೊರಗೆ ಜನರೇಟರು ಕೆಮ್ಮಿತು.
ಅವಳಿಗೆ ಗೊತ್ತಾಯಿತೆಂದು ನನಗೆ ಗೊತ್ತಾಯಿತು.
‘ಅಳಿಸಲೇ?’
‘ಸಣ್ಣ ಮಾಡು.’
‘ಪೂರ್ತಿ ಬೇಕಾದರೂ—’
‘ಸಣ್ಣ ಮಾಡು ಅಂದೆನಲ್ಲ.’

ಗೆರೆಯನ್ನು ಹಿಡಿದು ಕೆಳಗೆ ಎಳೆದೆ, ಇನ್ನೊಂದು ಚೂರು ಎಳೆದೆ,
ಕೊನೆಗೆ ಅದು ಯಾರೋ ಪಕ್ಕದ ಕೋಣೆಯಲ್ಲಿದ್ದ ಹಾಗೆ ಕೇಳಿತು.
ಅಲ್ಲಿಗೆ ಸಾಕು ಅಂತ ಕೈ ಎತ್ತಿದಳು.

ಹೋಗುವಾಗ ಪೆನ್‌ಡ್ರೈವ್ ಒಂದಲ್ಲ, ಎರಡು ಅಂದಳು.
ಇನ್ನೊಂದು ಯಾರಿಗೆ ಅಂತ ನಾನು ಕೇಳಲಿಲ್ಲ.
ಸೇವ್ ಒತ್ತಿದೆ.