ಸೊನ್ನೆ ಬರೆಯುವವಳು

ಈ ಊರಿನ ನದಿ ವರ್ಷಕ್ಕೆ ಹತ್ತು ದಿನ ಹರಿಯುತ್ತದೆ,
ಉಳಿದ ದಿನ ಅದರ ಮರಳಿನ ಮೇಲೆ ಹುಡುಗರು ಚೆಂಡಾಡುತ್ತಾರೆ.
ಹಾಗಾಗಿ ವಿಂಡ್‌ಹುಕ್ ತಾನು ಚೆಲ್ಲಿದ್ದನ್ನೇ ಮತ್ತೆ ಕುಡಿಯುತ್ತದೆ:
ಮಿಂದದ್ದು, ತೊಳೆದದ್ದು, ಒಗೆದದ್ದು, ಇನ್ನೊಂದು, ಮತ್ತೊಂದು.
ಶಾಲೆಯ ಮಕ್ಕಳು ನೋಡಲು ಬಂದಾಗ ಲೋಟ ಮೂಸುತ್ತವೆ.
"ಅಕ್ಕಾ, ಇದು ನಿನ್ನೆಯ ಉಚ್ಚೆಯಾ?"
"ಛೆ, ನಿನ್ನೆಯದಲ್ಲ. ಮೊನ್ನೆಯದು."
ನಗುತ್ತವೆ. ನಕ್ಕ ಮೇಲೆ ಕುಡಿಯುತ್ತವೆ.

ನನ್ನ ಕೆಲಸ ಸೊನ್ನೆ ಬರೆಯುವುದು.
ಇಕ್ಕಳವನ್ನು ಉರಿಗೆ ಹಿಡಿದು, ಆರಿಸಿ,
ಬಿಸ್ಕತ್ತಿನಗಲದ ಒಂದು ಬಿಳಿ ಪೊರೆಯನ್ನು
ಗಾಜಿನ ಆಲಿಕೆಯಡಿ ಮಲಗಿಸಿ
ನೂರು ಮಿಲಿಲೀಟರ್ ಊರನ್ನು ಸುರಿಯುತ್ತೇನೆ.
ಪಂಪು ಗುಟುಕರಿಸುತ್ತದೆ. ನೀರು ಹೋಗುತ್ತದೆ,
ಇರುವುದೇನಾದರೂ ಇದ್ದರೆ ಉಳಿಯುತ್ತದೆ.
ಆಮೇಲೆ ಜೆಲ್ಲಿಯ ಹಾಸಿಗೆ, ನಲವತ್ನಾಲ್ಕು ಡಿಗ್ರಿಯ ಕಾವು,
ಒಂದಿಡೀ ಹಗಲು, ಒಂದಿಡೀ ಇರುಳು;
ಮೊಟ್ಟೆಗೆ ಕೂತ ಕೋಳಿಯ ಹಾಗೆ, ಆದರೆ
ಏನೂ ಒಡೆದು ಬರದಿರಲೆಂದು ಕಾಯುವ ಕೋಳಿ.
ಬರುವುದಿಲ್ಲ. ಬರೆಯುತ್ತೇನೆ: ಸೊನ್ನೆ.
ಏಳು ವರ್ಷದ ಪುಸ್ತಕಗಳ ತುಂಬ ಸೊನ್ನೆ.
ಅಜ್ಜಿ, ಕುಕು ಹಿಲ್ಯಾ, ಕೇಳುತ್ತಾಳೆ:
"ಏನೂ ಇಲ್ಲ ಅಂತ ಬರೆಯಲಿಕ್ಕೂ ಸಂಬಳ ಕೊಡುತ್ತಾರಾ, ಪೆನೆಹಾಫೋ?"

ಅವಳಿಗೆ ಸೋಸುವುದು ಗೊತ್ತು. ಉತ್ತರದ ಹಳ್ಳಿಯಲ್ಲಿ
ತಾಳೆಗರಿಯ ಬುಟ್ಟಿ ಹಿಡಿದು ಸಜ್ಜೆಯ ಹಿಟ್ಟು ಕೇರಿದವಳು,
ಒಶಿಕುಂಡು ಹುಳಿಗೆ ಬಂದಿತೋ ಇಲ್ಲವೋ ಮೂಗಿನಲ್ಲೇ ಅಳೆದವಳು.
ಈಗ ಕಣ್ಣಿಗೆ ಪೊರೆ ಬಂದಿದೆ.
ಬಾಗಿಲಲ್ಲಿ ನಿಂತ ನಾನು ಹಾಲಿನಲ್ಲದ್ದಿದ ನೆರಳು.
"ಈ ಮುದಿಗಣ್ಣೂ ಸೋಸುತ್ತದೆ ನೋಡು," ಎನ್ನುತ್ತಾಳೆ,
"ತಿಳಿಯನ್ನು ಹೊರಗಿಟ್ಟು ಗಸಿಯನ್ನು ಒಳಗೆ ಬಿಡುತ್ತದೆ."

ಆಗಸ್ಟಿನ ಒಂದು ಮುಂಜಾನೆ, ಚಳಿಗೆ ಬೆರಳು ಸೆಟೆದ ಹೊತ್ತು,
ಮುಚ್ಚಳ ತೆಗೆದರೆ, ಎರಡು.
ಗೆರೆ ಎಳೆದ ಬಿಳುಪಿನ ಮೇಲೆ ಎರಡು ನೀಲಿ ಚುಕ್ಕಿ,
ಸಾಸಿವೆಗಿಂತ ಸಣ್ಣವು, ದುಂಡಗೆ, ಆರೋಗ್ಯವಾಗಿ.
ಮೊದಲ ಸಲ ನನ್ನ ಕೈ ಬೇರೆ ಅಂಕಿ ಬರೆಯಿತು.
ಅಂಕಿಯ ಬಾಲ ನಡುಗಿತು.

ಫೋನು, ಕವಾಟ, ಬೈಗುಳ.
ಮುಂದೆ ಕ್ಲೋರಿನ್ನಿನ ಕಾವಲಿತ್ತು, ಊರಿಗೇನೂ ಆಗಲಿಲ್ಲ;
ಊರಿಗೆ ಗೊತ್ತೂ ಆಗಲಿಲ್ಲ.
ಮುದುಕ ಥಿಯೋಫಿಲಸ್ ನಾಲ್ಕನೆಯ ಸಾಲಿನ ಕೊಳವೆ ಬಿಚ್ಚಿದ.
ಒಳಗೆ ಶಾವಿಗೆಯ ಕಟ್ಟಿನಂತೆ ಟೊಳ್ಳು ಎಳೆಗಳು, ಹತ್ತು ಸಾವಿರ,
ಒಂದೊಂದರ ಗೋಡೆಯಲ್ಲೂ ಎಣಿಕೆಗೆ ಸಿಗದಷ್ಟು ತೂತು.
ತೂತೇ ಅವುಗಳ ಕಸುಬು.
ಬೇಕಾದ ತೂತು ಕೋಟಿ ಕೋಟಿ, ಬೇಡದ ತೂತು ಒಂದು.
ತುದಿಯ ಮೇಲೆ ತೆಳುವಾಗಿ ನೀರು ನಿಲ್ಲಿಸಿ,
ಕೆಳಗಿನಿಂದ ಗಾಳಿ ಒತ್ತಿ,
ಟಾರ್ಚು ಹಿಡಿದು ಕೂತೆವು, ಗಾಳ ಹಾಕಿದವರ ಹಾಗೆ, ಮಾತಿಲ್ಲದೆ.
ಗುಳ್ಳೆ.
ಮತ್ತೆ, ಅಲ್ಲೇ, ಗುಳ್ಳೆ.
"ಸಿಕ್ಕಿದ ಕಳ್ಳ," ಎಂದ, ಉಸಿರಿನಷ್ಟು ಮೆಲ್ಲಗೆ.
ಜೇಬಿನಿಂದ ಗುಂಡುಸೂಜಿಯಂಥ ಬೆಣೆ ತೆಗೆದು
ಆ ಎಳೆಯ ಬಾಯಿಗೆ ಒತ್ತಿದ,
ಅಳುವ ಮಗುವಿನ ತುಟಿಗೆ ಬೆರಳಿಡುವ ಹಾಗೆ.
ಒಂದು ಎಳೆ ಸತ್ತಿತು.
ಉಳಿದ ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು
ಮತ್ತೆ ಊರನ್ನು ಪೊರೆಯತೊಡಗಿದವು.
ಮರುದಿನ ಬರೆದ ಸೊನ್ನೆಯಷ್ಟು ದುಂಡಗೆ
ನಾನು ಯಾವತ್ತೂ ಬರೆದಿರಲಿಲ್ಲ.

ಅದೇ ಗುರುವಾರ ಕಟುಟುರಾ ಆಸ್ಪತ್ರೆಯಲ್ಲಿ
ಕುಕುವಿನ ಬಲಗಣ್ಣಿನ ಪೊರೆ ತೆಗೆದರು. ಇಪ್ಪತ್ತು ನಿಮಿಷ.
ಪಟ್ಟಿ ಬಿಚ್ಚಿದಾಗ ಅವಳು ಮೊದಲು ನೋಡಿದ್ದು ನನ್ನನ್ನಲ್ಲ,
ಮೇಜಿನ ಮೇಲಿದ್ದ ನಲ್ಲಿ ನೀರಿನ ಲೋಟವನ್ನು.
ಕಿಟಕಿಗೆ ಎತ್ತಿ ಹಿಡಿದಳು, ತಿರುಗಿಸಿದಳು,
ಅಡಿಯಿಂದ, ಅಂಚಿನಿಂದ, ಬಲು ಹೊತ್ತು,
ಬಟ್ಟೆಯಂಗಡಿಯಲ್ಲಿ ನೇಯ್ಗೆ ಹುಡುಕುವವಳಂತೆ.
"ಏನು ಕಾಣುತ್ತದೆ, ಕುಕು?"
"ಏನೂ ಇಲ್ಲ."
ಮತ್ತೊಮ್ಮೆ ನೋಡಿದಳು.
"ಆಚೆ ಗೋಡೆ. ಗೋಡೆಯ ಮೇಲೊಂದು ಹಲ್ಲಿ.
ನಿನ್ನ ಕಣ್ಣ ಕೆಳಗೆ ಕಪ್ಪು.
ಊಟ ಮಾಡಿದ್ದೀಯೇನೇ?"