ಹನ್ನೊಂದನೆಯವ

ಮುಧೋಳದಾಚೆ ಸಕ್ಕರಿ ಕಾರ್ಖಾನಿ ಕಾಟಾದ ಮ್ಯಾಲೆ
ನನ್ನ ಪಾಳಿ, ರಾತ್ರಿ ಹತ್ತರಿಂದ ಆರು.
ಹೊರಗ ಕಬ್ಬಿನ ಟ್ರ್ಯಾಕ್ಟರ್ ಸಾಲು, ಒಂದರ ಬಾಲಕ್ಕೊಂದು.
ಒಳಗ ನಾನು, ಆರಿದ ಚಹಾ,
ತೂಕದ ಪಟ್ಟಿ ಕೆಳಗ ಮಕಾಡೆ ಮಲಗಿಸಿದ ಫೋನು.

ಫೋನಿನಾಗ ನೂರಾ ಹನ್ನೆರಡು ಮಂದಿ ಕುಂತಿದ್ದರು,
ತಲಿಗೆ ಇನ್ನೂರಾ ಇಪ್ಪತ್ತು ಇಟ್ಟು.
ಗೆದ್ದರ ರೊಕ್ಕ ಇಲ್ಲ, ಟಿಕೀಟು.
ಹತ್ತ ಟಿಕೀಟು, ಆಯ್ತವಾರದ ದೊಡ್ಡಾಟಕ್ಕ.

ಇದನ್ನ ತಿಳಿಸಿ ಹೇಳಿದಾಂವ ಲ್ಯಾಬಿನ ಮಲಿಕ್‌ಜಾನ,
ಕಬ್ಬಿನ ಹಾಲಿನಾಗ ಸಿಹಿ ಎಷ್ಟೈತಿ ಅಂತ ಅಳಿಯಾಂವ.
"ಗುರುಪಾದ, ಇದು ಗೆಲ್ಲೂ ಆಟ ಅಲ್ಲೋ.
ಮೊದಲನೇದಾಂವಗೂ ಅದೇ ಚೀಟಿ, ಹತ್ತನೇದಾಂವಗೂ ಅದೇ ಚೀಟಿ.
ಗುಡ್ಡದಷ್ಟು ಚಿಪ್ಪು ಗಳಿಸಿದಿ ಅನ್ನು,
ಉಳಿದ ಗುಡ್ಡ ಯಾರ ಮನಿಗೆ ಹೊರತಿ?
ಗೇಟು ಹಾಕೂಮುಂದ ಒಳಗಿದ್ರ ಸಾಕು."

ಗೇಟಿನ ಮಾತು ತಿಳೀತು.
ಕಡೀ ಟೋಕನ್ನಿನ ಟ್ರ್ಯಾಲಿಗೂ ಟನ್ನಿಗೆ ಅದೇ ದರ,
ದಿನಾ ನನ್ನ ಕೈಲೆ ಬರೀತೀನಿ.

ಕೈಗೆ ಮಾತ್ರ ತಿಳೀಲಿಲ್ಲ.
ಹೋದ ತಿಂಗಳು ಎರಡು ರಾಣಿ ಬಂದವು, ಮೈ ಉಬ್ಬಿತು,
ಇದ್ದದ್ದೆಲ್ಲಾ ನಡುವಿಗೆ ದೂಡಿದೆ.
ಮೂರನೇ ಜಾಗಾದಾಗ ಕುಂತಿದ್ದಾಂವ
ಹನ್ನೊಂದನೆಯವನಾಗಿ ಎದ್ದೆ.
ಚಿಟಿಕಿ ಚಿಪ್ಪಿನಾಗ ಜೀವಾ ಹಿಡದಿದ್ದ
'ಅಥಣಿ ಚಪ್ಲಿ' ಅನ್ನೂ ಹೆಸರಿನಾಂವ ಟಿಕೀಟು ಒಯ್ದ.
ಮಲಿಕ್‌ಜಾನ ನಗಲಿಲ್ಲ.
"ರಾಣಿಯರದೇನೂ ತಪ್ಪಿಲ್ಲ" ಅಂದ, ಅಷ್ಟ.

ಆಮ್ಯಾಲೆ ಎಣಸಾಕ ಕಲಿಸಿದ.
ನಿನ್ನ ಎಲಿ ಆಮ್ಯಾಲೆ ನೋಡು,
ಮೊದಲು ನಿನಗಿಂತ ಬಡವರು ಎಷ್ಟು ಮಂದಿ ನೋಡು,
ಬ್ಲೈಂಡು ಯಾರ ಬಾಗಲಾ ಯಾವಾಗ ಬಡೀತೈತಿ ನೋಡು.
ದೂಡೂದಿದ್ರ ನೀ ಮೊದಲು ದೂಡು;
ಇನ್ನೊಬ್ಬಾಂವ ದೂಡಿದ ಮ್ಯಾಲೆ, ಅವನ ಬೆನ್ನ ಹತ್ತಬ್ಯಾಡ.

ಎರಡೂ ನಲವತ್ತು. ಹನ್ನೊಂದು ಮಂದಿ ಉಳಿದೇವಿ.
ನಾನು ಐದನೇದಾಂವ,
ಕೆಳಗ ಆರು ಮಂದಿ, ಅದರಾಗ ಇಬ್ಬರಿಗೆ ಬರೂ ಸುತ್ತು ಇಲ್ಲ.
ಆಗ ಬಂತು
ಇಸ್ಪೀಟ್ ಎಕ್ಕ.
ಅದರ ಬಗಲಿಗೆ ಆಟೀನ್ ಎಕ್ಕ.

ಎಲ್ಲಾರಿಗಿಂತ ದೊಡ್ಡಾಂವ ನನ್ನ ಮುಂದ ಎಲ್ಲಾ ದೂಡಿ ಕುಂತಾನ.
ಹದಿನೈದು ಸೆಕೆಂಡು.
ಖಿಡಕಿ ಬಡದ ಸಪ್ಪಳ, ಯಾದವಾಡದ ಡ್ರೈವರ್ ಸಂಗನಬಸು:
"ಸರ, ಗಾಡಿ ಕಾಟಾದ ಮ್ಯಾಲೈತ್ರಿ, ಇಂಜಿನ್ ಬಂದ್ ಮಾಡ್ಲೇನ್ರಿ?"
ಹನ್ನೊಂದು, ಹತ್ತು...
ದೀಪಾವಳಿ ರಾತ್ರಿ ಮೂರೆಲಿ ಆಡೂಮುಂದ ನಮ್ಮಪ್ಪ
ಎಕ್ಕದ ಜೋಡಿ ಬಂದರ ಹಣಿಗೆ ಹಚಗೊಳ್ಳಾಂವ,
ಕಣ್ಣು ಮುಚ್ಚಿ, ದೇವರ ಅಂಗಾರದಂಗ.
ಆರು, ಐದು...
ಹೋದರ ನೂರಕ್ಕ ಎಂಬತ್ತು ಪಾಲು ಗೆಲುವು.
ಸುಮ್ಮಕ ಕುಂತರ ತೊಂಬತ್ತೇಳು.
ಎಂಬತ್ತು ತೊಂಬತ್ತೇಳಕ್ಕಿಂತ ಸಣ್ಣದು,
ಮೂರನೇತ್ತೆದಾಗ ಕಲಿತಿದ್ದೆ,
ರಗತಕ್ಕ ಇನ್ನೂ ಕಲಿಸಿರಲಿಲ್ಲ.

"ಬಂದ್ ಮಾಡು" ಅಂದೆ.
ಸಂಗನಬಸುಗ ಅಂದೆನೋ ನನಗೋ.
ಎರಡೂ ಎಕ್ಕ ಮಕಾಡೆ ಜಾರಿ ಹೋದವು,
ಯಾರಿಗೂ ಗೊತ್ತಾಗಲಿಲ್ಲ.

ಅಥಣಿ ಚಪ್ಲಿ ಬ್ಲೈಂಡಿನಾಗ ಸಿಕ್ಕಿದ್ದ, ಇದ್ದಷ್ಟೂ ಹಾಕಿದ. ಎರಡು ಒಂಬತ್ತು.
ದೊಡ್ಡಾಂವನ ಕೈಯಾಗ ರಾಜ, ಏಳು; ಅಷ್ಟ ಕಸಕ್ಕ ಅಷ್ಟು ಧೈರ್ಯ.
ನೆಲಕ್ಕ ರಾಜ ಬಿತ್ತು.
ಹನ್ನೊಂದನೆಯವ ಅವನಾದ.
ನನ್ನ ಎಕ್ಕ ಇದ್ದಿದ್ದರ ಇಬ್ಬರನ್ನೂ ನುಂಗತಿದ್ದವು,
ಅದನ್ನ ಲೆಕ್ಕಾ ಹಾಕಿದೆ, ಎರಡು ಸಲ,
ಆಮ್ಯಾಲೆ ಬರದೆ:
ಹದಿನೆಂಟು ಟನ್ನು, ನಾಕುನೂರಾ ಅರವತ್ತು ಕಿಲೋ.

ಹಸರು ಪಟ್ಟಿ ಬಂತು, ಹತ್ತು ಹೆಸರು,
ಮೊದಲು ಯಾರು ಕಡೀ ಯಾರು ಹಚ್ಚಿರಲಿಲ್ಲ.
ಅಥಣಿಯಾಗ ಅವ ಖರೇ ಚಪ್ಲಿ ಹೊಲಿಯಾಂವ ಇದ್ದಿರಬಹುದು,
ಈಗ ದೀಪಾ ಆರಿಸಿ ಮಲಗಿರಬಹುದು.

ಮುಂಜಾನೆ ಲ್ಯಾಬಿಗೆ ಹೋಗಿ ಹೇಳಿದೆ: ಎಕ್ಕದ ಜೋಡಿ ಬಿಟ್ಟೆ.
ಮಲಿಕ್‌ಜಾನ ಕಾಜಿನ ಕೊಳವಿಯಿಂದ ಕಣ್ಣು ತಗೀಲಿಲ್ಲ.
"ಆಯ್ತವಾರ ನಿನ್ನ ಪಾಳಿ ಐತಲ್ಲ?"

ಐತಿ, ಅಂದೆ.
ಎಕ್ಕದ ಮಾತು ಅವ ಕೇಳಿದ್ನೋ ಇಲ್ಲೋ.