ರೂಲ್ಸಿನಲ್ಲಿಲ್ಲದ ಜೇಬು

ಕೌಲ್‌ಬಜಾರಿನ ನನ್ನ ಅಂಗಡಿಯ ಅಳತೆ ಪುಸ್ತಕದಲ್ಲಿ
ಎರ್ರಿಸ್ವಾಮಿ ಸಾಹೇಬರಿಗೆ ನಾಲ್ಕು ಪುಟ.
ಮೊದಲನೆಯದು ಅಪ್ಪನ ಅಕ್ಷರ, ಅರವತ್ನಾಲ್ಕನೇ ಇಸವಿ:
ಎದೆ ಮೂವತ್ತೆಂಟು, ಸೊಂಟ ಮೂವತ್ತು,
ಭುಜ ಎರಡೂ ಸಮ.
ಕೆಳಗೊಂದು ಸಾಲು, ‘ಮೇಜರ್. ಸಿಂಹ ಮಾತ್ರ, ನಕ್ಷತ್ರ ಇಲ್ಲ.’
ನನಗಾಗ ಕಾಜ ಹಾಕುವುದಷ್ಟೇ ಕೆಲಸ.
ಬ್ರೂಸ್‌ಪೇಟೆಯ ರೈಲ್ವೆ ಗಾರ್ಡಿನ ಮಗ
ಬಾಗಿಲಲ್ಲಿ ನಿಂತರೆ
ಸೂಜಿಗೆ ದಾರ ಪೋಣಿಸುವಷ್ಟೂ ಬೆಳಕು ಉಳಿಯುತ್ತಿರಲಿಲ್ಲ.

ಅರವತ್ತಾರು. ಗುಡ್ಡದ ಬಂಡೆ
ರಾತ್ರಿ ಹತ್ತಾದರೂ ಕಾವು ಕಾರುವ ತಿಂಗಳು.
ಅಪ್ಪ ಟೇಪು ಹಿಡಿದ, ಬಿಟ್ಟ, ಮತ್ತೆ ಹಿಡಿದ.
ಎಡಭುಜ ಅರ್ಧ ಇಂಚು ಕೆಳಗೆ.
‘ಸ್ವಲ್ಪ ನೆಟ್ಟಗ ನಿಂದರ್ರಿ ಸಾಹೇಬ್ರೆ.’
‘ನೆಟ್ಟಗೇ ನಿಂತೀನಿ.’

ಕಾಲುವೆ ದಾಟುವ ರಾತ್ರಿ ಪಲ್ಟನ್ನಿನ ದೊಡ್ಡ ಸಾಹೇಬ ಸತ್ತನಂತೆ.
ಬೆಳಗಿನ ಜಾವ ಮೂರಕ್ಕೆ ಇವರ ಕೈಗೆ ಬಂತಂತೆ
ಏಳುನೂರು ಜನ, ಮಾತಾಡದ ಒಂದು ವೈರ್‌ಲೆಸ್ಸು,
ಅರ್ಧ ತೊಯ್ದ ನಕಾಶೆ.
ಇದೆಲ್ಲ ಪೇಟೆಯವರು ಹೇಳಿದ್ದು.
ಅವರು ಕೇಳಿದ್ದಿಷ್ಟೇ:
‘ಒಳಗಡೆ, ಎಡಕ್ಕೆ, ಒಂದು ಜೇಬು ಬೇಕು.
ಮಡಿಚಿದ ಇನ್‌ಲ್ಯಾಂಡ್ ಕಾಗದ ಹಿಡಿಯುವಷ್ಟು.’
ಮೂವತ್ತು ವರ್ಷ ಮಿಲಿಟರಿ ಬಟ್ಟೆ ಹೊಲಿದ ಅಪ್ಪ ತಲೆ ಕೆರೆದುಕೊಂಡ.
‘ರೂಲ್ಸಿನಾಗ ಇಲ್ಲಲ್ರಿ.’
‘ಇಲ್ಲ’ ಅಂದರು ಸಾಹೇಬರು.
ಅಪ್ಪ ಆ ಜೇಬನ್ನು ಮಿಷನ್ನಿಗೆ ಕೊಡಲಿಲ್ಲ, ಕೈಯಲ್ಲೇ ಹೊಲಿದ.

ಎಪ್ಪತ್ತೊಂದರ ಶ್ರಾವಣಕ್ಕೆ ಟೇಪು ನನ್ನ ಕೊರಳಲ್ಲಿತ್ತು.
ಸಿಂಹದ ಪಕ್ಕ ನಕ್ಷತ್ರ. ಪಲ್ಟನ್ ಈಗ ಕಾಯಂ ಅವರದು.
‘ಅಪ್ಪನ ಜೇಬು ಇರಲಿ’ ಅಂದರು, ಇಟ್ಟೆ.
ಮಾಗಿಯಲ್ಲಿ ರೇಡಿಯೊ ಸುತ್ತ ಬಜಾರೆಲ್ಲ ಮುಗಿಬಿತ್ತು,
ಗೆದ್ದ ಸುದ್ದಿಗೆ ಪೇಡ ಹಂಚಿದರು.

ಅವರು ಬಂದದ್ದು ಯುಗಾದಿ ಕಳೆದ ಮೇಲೆ.
ನನ್ನ ಬೆಂಚಿನ ಮೇಲೆ ಕೂತು ಒಗ್ಗರಣಿ ಮಿರ್ಚಿ ತಿಂದರು.
ಕಟ್ಟಿದ ಪೇಪರಿನಲ್ಲಿ ಯುದ್ಧದ ಫೋಟೊ.
ಎಣ್ಣೆ ಹರಡಿ ಹರಡಿ ಟ್ಯಾಂಕೊಂದರ ಹಿಂಬದಿಯ
ಸಿನಿಮಾ ಜಾಹೀರಾತು ಕಾಣತೊಡಗಿತು.
‘ಹೆಂಗಿತ್ರಿ ಅಲ್ಲಿ?’
‘ಕೆರೆ, ಖಾದರಲಿಂಗ. ಬರೀ ಕೆರೆ, ಕೆಸರು.
ಒಂದು ದಿನಾನೂ ಕಾಲು ಒಣಗಲಿಲ್ಲ.’
‘ಜೇಬು ದೊಡ್ಡದು ಮಾಡ್ಲೇನ್ರಿ?’
ಯಾಕೆ ಹಾಗೆ ಕೇಳಿದೆನೋ.
‘ಬ್ಯಾಡ. ಕಾಗದಾನೇ ಇನ್ನೂ ಸಣ್ಣಗೆ ಮಡಿಚ್ತೀನಿ.’

ರಿಟೈರಾಗಿ ಬಂದವರು ಧ್ವಜ ಹಾರಿಸಲು ಕರೆದರೆ ಹೋಗಲಿಲ್ಲ,
ಪೆಟ್ಟಿಗೆಯ ಬಟ್ಟೆ ಪೆಟ್ಟಿಗೆಯಲ್ಲೇ.
ಲುಂಗಿ ಸುತ್ತಿ ಸ್ಟೇಷನ್ನಿನವರೆಗೆ ನಡೆದು ಬರುವರು.
ಯಾರೇ ಎದುರಾಗಲಿ, ಮೊದಲು ಅವರ ಪಾದ ನೋಡುವರು,
ಆಮೇಲೆ ಮುಖ.
ಸಂಕೋಚದ ಮನುಷ್ಯ ಅಂದುಕೊಂಡಿದ್ದೆವು ನಾವು.

ಮೊನ್ನೆ ರಾತ್ರಿ ಹನ್ನೊಂದಕ್ಕೆ ಶಟರ್ ಬಡಿದ ಸದ್ದು.
ಮಗಳು ಸುಗುಣಮ್ಮ, ಕಂಕುಳಲ್ಲಿ ಆ ಹಸಿರು ಬಟ್ಟೆ.
‘ಅಪ್ಪಂಗೆ ಇದನ್ನೇ ಹಾಕ್ತೀವಿ. ದೊಗಳೆ ಆಗತೈತಿ, ಹಿಡಿದು ಕೊಡ್ರಿ.’
ತಿರುವಿ ಹಾಕಿದೆ. ಬೆರಳಿಗೆ ಅಪ್ಪನ ಹೊಲಿಗೆ ಸಿಕ್ಕಿತು,
ಒಳಗೆ ಕಾಗದ.
ಎರ್ರಿತಾತನ ವಿಭೂತಿ ಇರಬಹುದೆಂದು ಬಿಚ್ಚಿದೆ.

ಕುಂಞಂಬು, ೮, ಅಪ್ಪಲಸ್ವಾಮಿ.
ಅಪ್ಪಲಸ್ವಾಮಿ, ೮, ದೇವಸಹಾಯಂ.
ಮರಿಯದಾಸ್, ೯, ವೇಲಾಯುಧನ್.
ಸಂಗಪ್ಪ, ೬, ಯಾರಿಗೂ ಆಗಲಿಲ್ಲ.

ಎರಡು ಬದಿ, ಎರಡು ಯುದ್ಧದ ಎರಡು ಶಾಯಿ.
ಅಂಕಿಯಲ್ಲೇ ಅನ್ನ ಉಂಡವನು ನಾನು,
ಆದರೂ ತಿಳಿಯಲು ಹೊತ್ತಾಯಿತು.
ಎದೆಯಲ್ಲ, ಸೊಂಟವಲ್ಲ.
ಬೂಟು.
ಸತ್ತವನ ಕಾಲಿಂದ ಬಿಚ್ಚಿ
ಬಾಯಿಬಿಟ್ಟ ಬೂಟಿನವನಿಗೆ ಕೊಡಿ ಎಂದು
ಯಾರಾದರೂ ಹುಕುಂ ಮಾಡಬೇಕಲ್ಲ,
ಮಾಡಿದವನು ಎಲ್ಲೋ ಬರೆದಿಡಬೇಕಲ್ಲ.

ಇದ್ದ ಮಡಿಕೆಯಲ್ಲೇ ಮಡಿಚಿ ಒಳಗಿಟ್ಟೆ.
ಪಕ್ಕೆಗಳಲ್ಲಿ ಎರಡೆರಡು ಬೆರಳು ಹಿಡಿದೆ.
ಎಡಭುಜ ಮುಟ್ಟಲಿಲ್ಲ.
‘ಎಷ್ಟಾತು?’ ಅಂದರು. ಅರವತ್ತು ಅಂದೆ.
ಮೆಟ್ಟಿಲಿಳಿಯುವಾಗ ನನ್ನ ಕಣ್ಣು ಸುಮ್ಮನೆ ಕೆಳಗೆ ಹೋಯಿತು:
ಗಡಿಬಿಡಿಯಲ್ಲಿ ಸುಗುಣಮ್ಮ
ಸಾಹೇಬರ ಚಪ್ಪಲಿ ಮೆಟ್ಟಿಕೊಂಡು ಬಂದಿದ್ದರು.
ಹಿಮ್ಮಡಿಯ ಹಿಂದೆ ಎರಡು ಇಂಚು ಖಾಲಿ.